ಮೆತ್ತಿನ (ಮಹಡಿಯ) ಮೇಲೊಂದು ಪುಟ್ಟ ಕಂಪ್ಯೂಟರ್: ಕರೆಂಟು ಹೋಗಿ ಬಂದರೂ ತಾನೇ ಎದ್ದು ಕೆಲಸ ಮಾಡುವಂತೆ ಇಡುವುದು ಹೇಗೆ

ನಮ್ಮ ಮಾವ ದಿನಾ ಬೆಳಗ್ಗೆ ಎಂಟೂವರೆಗೆ ಅಂಗಳದ ಮಳೆಮಾಪಕದ ನೀರು ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಹವಾಮಾನ ಇಲಾಖೆಯವರು ಅಳೆಯುವುದೂ ಅದೇ ಹೊತ್ತಿಗೆ. 1991ರಿಂದ ಇದು ನಡೆದು ಬಂದಿದೆ. ಅವರು ಊರಲ್ಲಿ ಇಲ್ಲದ ದಿನ ಅತ್ತೆ ಬರೆಯುತ್ತಾರೆ. 2019ರ ಮಳೆಗಾಲ ಮುಗಿದ ಮೇಲೆ ಕಪಾಟು ತೆಗೆದು ನೋಡಿದರೆ ಮೂರು ನೋಟ್‌ಬುಕ್ಕನ್ನು ಗೆದ್ದಲು ತಿಂದಿತ್ತು. ಉಳಿದದ್ದನ್ನೆಲ್ಲ ನಾನು ಕೂತು ಒಂದೊಂದು ಪುಟವನ್ನೂ ಫೋನಿನಲ್ಲಿ ಫೋಟೊ ತೆಗೆದೆ. ಮರುವರ್ಷ ಆ ಫೋನು ಬಾವಿಗೆ ಬಿತ್ತು. ಮತ್ತೆ ಮೊದಲಿನಿಂದ ಎಲ್ಲ ಪುಟಗಳ ಫೋಟೊ.

ಆಗ ತೀರ್ಮಾನ ಮಾಡಿದೆ, ಮನೆಯಲ್ಲಿ ಒಂದು ಯಂತ್ರ ಇಪ್ಪತ್ನಾಲ್ಕು ಗಂಟೆಯೂ ಎಚ್ಚರ ಇರಬೇಕು ಅಂತ. ಯಾರ ಫೋನಿನಲ್ಲಿ ಏನೇ ಹೊಸದು ಬಂದರೂ ಕೇಳದೆ, ಕರೆಯದೆ ಅದು ಒಂದು ನಕಲು ಎತ್ತಿಟ್ಟುಕೊಳ್ಳಬೇಕು. ನಮ್ಮ ಮನೆ ಇರುವುದು ಶಿರಸಿಯಿಂದ 14 ಕಿಲೋಮೀಟರು ಒಳಗೆ. ಆರಿದ್ರಾ ಮಳೆ ಹಿಡಿಯಿತು ಅಂದರೆ ಕರೆಂಟು ದಿನಕ್ಕೆ ಹತ್ತು ಸಲ ಹೋಗಿ ಬರುತ್ತದೆ. ಹಾಗಾಗಿ ಈ ಬರಹದಲ್ಲಿ ತಂತ್ರಾಂಶದ ಮಾತಿಗಿಂತ ಕರೆಂಟಿನ ಮಾತು ಜಾಸ್ತಿ ಇದೆ. ನಾಲ್ಕು ವರ್ಷ ಇದನ್ನು ನಡೆಸಿದ ಮೇಲೆ ನನಗೆ ಅನ್ನಿಸಿದ್ದು, ಕಷ್ಟದ ಭಾಗವೂ ಅದೇ ಅಂತ.

ಯಾಕೆ ಪುಟ್ಟದೇ ಬೇಕು

ಮೊದಲು ನಾನೂ ಮೂಲೆಯಲ್ಲಿದ್ದ ಹಳೇ ಡೆಸ್ಕ್‌ಟಾಪನ್ನೇ ಆನ್ ಮಾಡಿ ಇಟ್ಟಿದ್ದೆ. ವ್ಯಾಟ್ ಮೀಟರ್ ಹಾಕಿ ನೋಡಿದರೆ ಏನೂ ಕೆಲಸ ಇಲ್ಲದಾಗಲೂ 65 ವ್ಯಾಟ್ ತೋರಿಸಿತು. ಲೆಕ್ಕ ಸುಲಭ: 65 ವ್ಯಾಟ್, 24 ಗಂಟೆ, 30 ದಿನ. ಹತ್ತಿರ ಹತ್ತಿರ 47 ಯೂನಿಟ್. ಈಗ ಇರುವ ಪುಟ್ಟ ಪೆಟ್ಟಿಗೆ ಸುಮ್ನೆ ಕೂತಾಗ 8 ವ್ಯಾಟ್ ತೆಗೆದುಕೊಳ್ಳುತ್ತದೆ. ತಿಂಗಳಿಗೆ 6 ಯೂನಿಟ್ ಕೂಡ ಆಗುವುದಿಲ್ಲ. ಗೃಹಜ್ಯೋತಿಯ ಮಿತಿಯೊಳಗೆ ಇರಬೇಕು ಅಂತ ಮೀಟರು ನೋಡಿಕೊಂಡು ಬಾಳುವ ಮನೆಗೆ 47ಕ್ಕೂ 6ಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ.

ಬಿಲ್ಲಿಗಿಂತ ದೊಡ್ಡ ಕಾರಣ ಇನ್ವರ್ಟರ್. ನಮ್ಮದು 150 ಎಎಚ್ ಬ್ಯಾಟರಿ. 12 ವೋಲ್ಟಿನಿಂದ ಗುಣಿಸಿದರೆ 1800 ವ್ಯಾಟ್ ಅವರ್. ಬ್ಯಾಟರಿ ಬಾಳಿಕೆ ಬರಬೇಕಾದರೆ ಅದರಲ್ಲಿ ಅರ್ಧದಷ್ಟೇ ಬಳಸಬೇಕು. ಇನ್ವರ್ಟರ್ ಸುಮ್ನೆ ಆನ್ ಇದ್ದರೂ ತಾನೂ ಸ್ವಲ್ಪ ತಿನ್ನುತ್ತದೆ. ಆ ಲೆಕ್ಕದಲ್ಲಿ ಡೆಸ್ಕ್‌ಟಾಪ್ ಒಂದೇ ರಾತ್ರಿಗೆ ಬ್ಯಾಟರಿ ಮುಗಿಸುತ್ತಿತ್ತು, ಬೆಳಗ್ಗೆ ಅಡುಗೆಮನೆಗೆ ದೀಪ ಇರುತ್ತಿರಲಿಲ್ಲ. ಪುಟ್ಟ ಪೆಟ್ಟಿಗೆಯೂ ರೂಟರೂ ಸೇರಿ 16 ವ್ಯಾಟ್. ಒಂದು ಹಗಲು ಒಂದು ರಾತ್ರಿ ಕರೆಂಟು ಇಲ್ಲದಿದ್ದರೂ ತಡೆದುಕೊಳ್ಳುತ್ತದೆ.

ಯಾವುದನ್ನು ಕೊಳ್ಳುವುದು

ಇದಕ್ಕೆ ಎರಡು ದಾರಿ ಇವೆ. ಒಂದು ರಾಸ್ಪ್‌ಬೆರಿ ಪೈ. ಕೇಂಬ್ರಿಡ್ಜಿನವರು 2012ರಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯಲಿ ಅಂತ ಹೊರತಂದ, ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಬೋರ್ಡು. ನಾನು ಶುರು ಮಾಡಿದ್ದು ಪೈ 4ರಲ್ಲಿ. ಒಂದೋ ಎರಡೋ ಸಣ್ಣ ಕೆಲಸಕ್ಕೆ ಅದು ಈಗಲೂ ಬಹಳ ಒಳ್ಳೆಯದು. ಆದರೆ ಮೂರು ವಿಷಯ ಗೊತ್ತಿರಬೇಕು. ಅದರ ಎಲ್ಲವೂ ಮೆಮೊರಿ ಕಾರ್ಡಿನ ಮೇಲೆ ನಿಂತಿರುತ್ತದೆ. ಬರೆಯುತ್ತಿರುವ ಹೊತ್ತಿಗೇ ಕರೆಂಟು ಹೋದರೆ ಕಾರ್ಡು ಕೆಡಬಹುದು. ನನ್ನದು ಒಂದೇ ಮಳೆಗಾಲದಲ್ಲಿ ಎರಡು ಕಾರ್ಡು ಹೋಯಿತು. ಎರಡನೆಯದು, ಫೋನಿನ ಚಾರ್ಜರ್ ಅದಕ್ಕೆ ಸಾಲದು. 5.1 ವೋಲ್ಟ್, 3 ಆಂಪಿಯರ್ ಕೊಡುವ ಅದರದೇ ಅಡಾಪ್ಟರ್ ಬೇಕು. ಯುಎಸ್‌ಬಿ ಹಾರ್ಡ್‌ಡಿಸ್ಕ್ ಸಿಕ್ಕಿಸಿದಾಗಲಂತೂ ಇದು ಇನ್ನೂ ಮುಖ್ಯ. ಮೂರನೆಯದು, ಪೈ 4ರಲ್ಲಿ ಗಡಿಯಾರದ ಬ್ಯಾಟರಿ ಇಲ್ಲ. ಕರೆಂಟು ಬಂದು ನೆಟ್ ಇನ್ನೂ ಬಾರದಿದ್ದರೆ ಅದಕ್ಕೆ ಸಮಯವೇ ಗೊತ್ತಿರುವುದಿಲ್ಲ. ಪೈ 5ರಲ್ಲಿ ಗಡಿಯಾರ ಇದೆ, ಸಣ್ಣ ಬ್ಯಾಟರಿ ಮಾತ್ರ ಬೇರೆ ಕೊಂಡು ಹಾಕಬೇಕು.

ಇನ್ನೊಂದು ದಾರಿ, ಈಗ ನನ್ನ ಹತ್ತಿರ ಇರುವುದು: ಆಫೀಸುಗಳಲ್ಲಿ ಬಳಸಿ ಬಿಟ್ಟ ಮಿನಿ ಪಿಸಿ. ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೋ, ಲೆನೊವೊ ಥಿಂಕ್‌ಸೆಂಟರ್ ಟೈನಿ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ, ಈ ಜಾತಿಯವು. ದಪ್ಪ ಪುಸ್ತಕದಷ್ಟೇ ಗಾತ್ರ. ನನ್ನ ತಮ್ಮ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ 9,500 ರೂಪಾಯಿಗೆ ತಂದುಕೊಟ್ಟ. ಇಂಟೆಲ್ ಐ5 6500ಟಿ, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಹೆಸರಿನ ಕೊನೆಯ 'ಟಿ' ಅಕ್ಷರ ನೋಡಿಕೊಳ್ಳಿ, ಅದು ಕಡಿಮೆ ಕರೆಂಟಿನ ಚಿಪ್ಪು ಅಂತ ಅರ್ಥ. ಇಂಥವು ಈಗ ಅಗ್ಗಕ್ಕೆ ಸಿಗಲು ಕಾರಣ ಇದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು. ಇಂಟೆಲ್‌ನ ಎಂಟನೇ ಪೀಳಿಗೆಗಿಂತ ಹಳೆಯ ಚಿಪ್ಪುಗಳು ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಆಫೀಸುಗಳು ಗಟ್ಟಿಮುಟ್ಟಾದ ಯಂತ್ರಗಳನ್ನೇ ಹೊರಗೆ ಹಾಕುತ್ತಿವೆ. ವಿಂಡೋಸ್ ಬದಲು ಹಾಕುವ ಉಚಿತ ಲಿನಕ್ಸಿಗೆ ಅವು ಇನ್ನೂ ಎಷ್ಟೋ ವರ್ಷಕ್ಕೆ ಸಾಕು.

ಹೊಸದೇ ಬೇಕು ಅನ್ನುವವರು ಇಂಟೆಲ್ ಎನ್100 ಚಿಪ್ಪಿನ ಪೆಟ್ಟಿಗೆ ನೋಡಬಹುದು. 2023ರಲ್ಲಿ ಬಂದ ಚಿಪ್ಪು, ಅದರ ಲೆಕ್ಕವೇ 6 ವ್ಯಾಟಿನದು.

ನನ್ನ ಅಭಿಪ್ರಾಯ ಕೇಳಿದರೆ, ಹಳ್ಳಿಮನೆಗೆ ಹಳೇ ಮಿನಿ ಪಿಸಿಯೇ ಸರಿ. ಪೈಗೆ ಡಬ್ಬಿ, ಅಡಾಪ್ಟರ್, ಕಾರ್ಡು, ಡಿಸ್ಕು ಅಂತ ಸೇರಿಸುತ್ತ ಹೋದರೆ ಹಣ ಅಷ್ಟೇ ಆಗುತ್ತದೆ.

ತಂದ ದಿನವೇ ಮಾಡಬೇಕಾದ ಎರಡು ಕೆಲಸ

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದು ಗೊತ್ತಿಲ್ಲದೆ ನಾನು ಒಂದು ವಾರ ಒದ್ದಾಡಿದ್ದೇನೆ.

ಕರೆಂಟು ಹೋಗಿ ಬಂದ ಮೇಲೆ ಪಿಸಿ ತಾನಾಗಿ ಆನ್ ಆಗುವುದಿಲ್ಲ. ಯಾರಾದರೂ ಗುಂಡಿ ಒತ್ತಬೇಕು. ಇದನ್ನು ಬದಲಾಯಿಸುವ ಸೆಟ್ಟಿಂಗ್ ಯಂತ್ರ ಏಳುವಾಗ ಎಲ್ಲಕ್ಕಿಂತ ಮೊದಲು ಓಡುವ ತಂತ್ರಾಂಶವಾದ ಬಯಾಸ್‌ನಲ್ಲಿ ಇರುತ್ತದೆ. ಆನ್ ಮಾಡಿದ ಕೂಡಲೇ ಎಫ್2, ಎಫ್1 ಅಥವಾ ಎಫ್10, ಕಂಪನಿಗೆ ತಕ್ಕಂತೆ ಒತ್ತಿ ಒಳಗೆ ಹೋಗಿ. ಪವರ್ ವಿಭಾಗದಲ್ಲಿ 'ಎಸಿ ರಿಕವರಿ' ಅಥವಾ 'ಆಫ್ಟರ್ ಪವರ್ ಲಾಸ್' ಅಂತ ಇರುತ್ತದೆ. ಅದನ್ನು 'ಪವರ್ ಆನ್' ಮಾಡಿ. 'ಲಾಸ್ಟ್ ಸ್ಟೇಟ್' ಅನ್ನುವುದನ್ನು ಆರಿಸಬೇಡಿ. ಕಾರಣ ಹೀಗಿದೆ. ಬ್ಯಾಟರಿ ಖಾಲಿಯಾಗುವ ಮೊದಲು ನೀವೇ ಯಂತ್ರವನ್ನು ಸರಿಯಾಗಿ ಆಫ್ ಮಾಡಿದ್ದೀರಿ ಅಂದುಕೊಳ್ಳಿ. 'ಲಾಸ್ಟ್ ಸ್ಟೇಟ್' ಇದ್ದರೆ ಕರೆಂಟು ಬಂದಾಗ ಅದು 'ನಾನು ಆಫ್ ಇದ್ದೆನಲ್ಲ' ಅಂತ ಆಫ್ ಆಗಿಯೇ ಉಳಿಯುತ್ತದೆ.

ನಾನು ಈ ಸೆಟ್ಟಿಂಗ್ ಮಾಡಿದೆ. ಮೂರು ದಿನ ಸರಿಯಾಗಿತ್ತು. ನಾಲ್ಕನೇ ದಿನ ರಾತ್ರಿಯಿಡೀ ಕರೆಂಟು ಇಲ್ಲ, ಬ್ಯಾಟರಿಯೂ ಮುಗಿದಿತ್ತು. ಬೆಳಗ್ಗೆ ಕರೆಂಟು ಬಂದರೂ ಪೆಟ್ಟಿಗೆ ಏಳಲಿಲ್ಲ. ಒಳಗೆ ಹೋಗಿ ನೋಡಿದರೆ ಸೆಟ್ಟಿಂಗೆಲ್ಲ ಹಳೆಯದಕ್ಕೆ ಹೋಗಿದೆ, ತಾರೀಖು ಎಷ್ಟೋ ವರ್ಷ ಹಿಂದಿನದು. ಮದರ್‌ಬೋರ್ಡಿನ ಮೇಲಿನ ಬಿಲ್ಲೆ ಬ್ಯಾಟರಿ ಸತ್ತಿತ್ತು! ಏಳೆಂಟು ವರ್ಷ ಹಳೆಯ ಯಂತ್ರದಲ್ಲಿ ಇದು ಸಹಜ. ಸಿಆರ್2032 ಅಂತ ಕೇಳಿ, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಸೆಕೆಂಡ್ ಹ್ಯಾಂಡ್ ಯಂತ್ರ ತಂದ ದಿನವೇ ಅದನ್ನು ಬದಲಿಸಿ, ಆಮೇಲೆ ಬಯಾಸ್ ಸೆಟ್ಟಿಂಗ್ ಮಾಡಿ.

ಎರಡನೇ ಕೆಲಸ ಇನ್ವರ್ಟರಿನದು. ಅದರ ಹಿಂದೆ ಅಥವಾ ಮುಂದೆ 'ಯುಪಿಎಸ್ / ನಾರ್ಮಲ್' ಅಂತ ಒಂದು ಸ್ವಿಚ್ ಇರುತ್ತದೆ. ಯುಪಿಎಸ್ ಕಡೆ ಇದ್ದರೆ ಕರೆಂಟಿನಿಂದ ಬ್ಯಾಟರಿಗೆ ಬಹಳ ಬೇಗ ಬದಲಾಗುತ್ತದೆ, ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ. ನಾರ್ಮಲ್‌ನಲ್ಲಿ ತಡವಾಗುತ್ತದೆ, ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು. ಹಾಗಾದರೆ ಸದಾ ಯುಪಿಎಸ್‌ನಲ್ಲೇ ಇಡೋಣ ಅಲ್ವಾ? ಹಳ್ಳಿಯಲ್ಲಿ ಅದು ನಡೆಯುವುದಿಲ್ಲ. ಯುಪಿಎಸ್ ಕಡೆ ಇದ್ದಾಗ ವೋಲ್ಟೇಜು ಸ್ವಲ್ಪ ಇಳಿದರೂ ಇನ್ವರ್ಟರ್ ಲೈನನ್ನು ಬಿಟ್ಟು ಬ್ಯಾಟರಿಗೆ ಹೋಗುತ್ತದೆ. ಬೇಸಿಗೆಯಲ್ಲಿ ತೋಟದ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾದಾಗ ನಮ್ಮಲ್ಲಿ ವೋಲ್ಟೇಜು ನೆಲಕಚ್ಚುತ್ತದೆ. ಆಗ ಕರೆಂಟು ಇದ್ದೂ ಬ್ಯಾಟರಿ ಖಾಲಿ. ನಾನು ಮಳೆಗಾಲಕ್ಕೆ ಯುಪಿಎಸ್, ಬೇಸಿಗೆಗೆ ನಾರ್ಮಲ್ ಇಡುತ್ತೇನೆ. ಮಿನಿ ಪಿಸಿಯ ಅಡಾಪ್ಟರ್ 100ರಿಂದ 240 ವೋಲ್ಟಿನವರೆಗೂ ನಡೆಯುತ್ತದೆ, ಕಡಿಮೆ ವೋಲ್ಟೇಜಿನಿಂದ ಅದಕ್ಕೆ ತೊಂದರೆ ಇಲ್ಲ.

ಇನ್ವರ್ಟರ್ ಇಲ್ಲದವರಿಗೆ ರೂಟರಿಗೆ ಅಂತ ಮಾರುವ 12 ವೋಲ್ಟಿನ ಪುಟ್ಟ ಯುಪಿಎಸ್ ಇದೆ. ಅದನ್ನು ಮಿನಿ ಪಿಸಿಗೆ ಹಾಕುವ ಮೊದಲು ಅಡಾಪ್ಟರಿನ ಚೀಟಿ ಓದಿ. ಆಫೀಸಿನ ಮಿನಿ ಪಿಸಿಗಳಿಗೆ 19ರಿಂದ 20 ವೋಲ್ಟ್ ಬೇಕು. ಎನ್100 ಪೆಟ್ಟಿಗೆಗಳಲ್ಲಿ ಕೆಲವು 12 ವೋಲ್ಟಿನವು. ವೋಲ್ಟ್ ಒಂದೇ ಇದ್ದರೆ ಮಾತ್ರ ಸಿಕ್ಕಿಸಿ.

ಎಲ್ಲಿ ಇಡುವುದು

ನಮ್ಮದನ್ನು ಮೆತ್ತಿನ ಮೇಲೆ, ಗೋಡೆಗೆ ಹೊಡೆದ ಹಲಗೆಯ ಮೇಲೆ ಇಟ್ಟಿದ್ದೇನೆ. ಅಡಿಕೆ ಒಣಗಿಸುವ ಜಾಗದಿಂದ, ಬಚ್ಚಲ ಒಲೆಯ ಹೊಗೆಯಿಂದ ದೂರ. ಮಳೆಗಾಲದ ತೇವಕ್ಕೆ ಹೆದರಬೇಕಿಲ್ಲ, ಓಡುತ್ತಿರುವ ಯಂತ್ರ ತನ್ನ ಬಿಸಿಯಿಂದ ತಾನೇ ಒಣಗಿರುತ್ತದೆ. ತೇವ ಕೂರುವುದು ಆಫ್ ಮಾಡಿ ಇಟ್ಟ ಯಂತ್ರದ ಮೇಲೆ. ಹೆದರಬೇಕಾದ್ದು ಇರುವೆಗೆ. ಬೆಚ್ಚಗಿನ ಜಾಗ ಅಂತ ಒಳಗೆ ಗೂಡು ಮಾಡುತ್ತವೆ. ಹಲಗೆಯ ಸುತ್ತ ತಿಂಗಳಿಗೊಮ್ಮೆ ಲಕ್ಷ್ಮಣರೇಖೆ ಎಳೆಯುತ್ತೇನೆ.

ಸಿಡಿಲಿಗೆ ಇನ್ನೂ ಜಾಸ್ತಿ ಹೆದರಬೇಕು. ಏಪ್ರಿಲ್, ಮೇ ತಿಂಗಳ ಸಂಜೆ ಮೋಡ ಕಟ್ಟಿದ್ದು ಕಂಡ ಕೂಡಲೇ, ಗುಡುಗು ಶುರುವಾಗುವ ಮೊದಲೇ ಪ್ಲಗ್ ತೆಗೆಯಿರಿ. ಹಿಂದೆ ತಾಮ್ರದ ತಂತಿ ಇದ್ದಾಗ ಎರಡು ಮೋಡೆಮ್ ಸುಟ್ಟಿವೆ. ಈಗ ಫೈಬರ್ ಬಂದಿದೆ, ಗಾಜಿನ ಎಳೆಯಲ್ಲಿ ಸಿಡಿಲು ಬರುವುದಿಲ್ಲ. ಆದರೆ ರೂಟರಿನ ಅಡಾಪ್ಟರ್ ಮೂಲಕ ಬರುತ್ತದೆ, ಅಲ್ಲಿಂದ ಲ್ಯಾನ್ ಕೇಬಲ್ ಹಿಡಿದು ಕಂಪ್ಯೂಟರಿಗೂ ಹೋಗುತ್ತದೆ. ಎರಡನ್ನೂ ಒಂದೇ ಸ್ಪೈಕ್ ಬೋರ್ಡಿಗೆ ಹಾಕಿ, ಒಂದೇ ಪ್ಲಗ್ ಕಿತ್ತರೆ ಸಾಕು ಅನ್ನುವಂತೆ ಮಾಡಿ. ಆಗ ಅತ್ತೆಯೋ ಮಾವನೋ ನಿಮ್ಮನ್ನು ಕಾಯದೆ ಕೀಳಬಹುದು.

ಕೀಳುವ ಮೊದಲು ಆಫ್ ಮಾಡುವುದನ್ನೂ ಅವರಿಗೆ ಕಲಿಸಿ: ಗುಂಡಿಯನ್ನು ಒಮ್ಮೆ ಒತ್ತಿ ಬಿಡಬೇಕು, ದೀಪ ಆರುವವರೆಗೆ ಕಾಯಬೇಕು. ಒತ್ತಿ ಹಿಡಿಯಬಾರದು. ಒಮ್ಮೆ ಒತ್ತಿದರೆ ಡೆಬಿಯನ್ (ನಾವು ಹಾಕುವ ಲಿನಕ್ಸ್) ಎಲ್ಲವನ್ನೂ ಮುಚ್ಚಿಟ್ಟು ಆಫ್ ಆಗುತ್ತದೆ.

ತಂತ್ರಾಂಶ

ಡೆಬಿಯನ್ ಹಾಕಿ. ಹಾಕುವಾಗ ಡೆಸ್ಕ್‌ಟಾಪ್ ಬೇಡ ಅಂತ ಟಿಕ್ ತೆಗೆದು, ಎಸ್‌ಎಸ್‌ಎಚ್ ಸರ್ವರ್ ಮಾತ್ರ ಇಟ್ಟುಕೊಳ್ಳಿ. ಆಮೇಲೆ ಮಾನಿಟರ್, ಕೀಬೋರ್ಡ್ ಬೇಕಿಲ್ಲ, ನಿಮ್ಮ ಲ್ಯಾಪ್‌ಟಾಪಿನಿಂದಲೇ ಅದರ ಮೂಲಕ ಒಳಗೆ ಹೋಗಬಹುದು. ರೂಟರಿನ ಡಿಎಚ್‌ಸಿಪಿ ಪುಟದಲ್ಲಿ (ಯಂತ್ರಗಳಿಗೆ ವಿಳಾಸ ಹಂಚುವ ಜಾಗ) ಈ ಯಂತ್ರಕ್ಕೆ ಒಂದೇ ವಿಳಾಸವನ್ನು ಕಾಯ್ದಿರಿಸಿ. ನಮ್ಮದು 192.168.1.10. ಇಲ್ಲದಿದ್ದರೆ ಪ್ರತಿ ಸಲ ಕರೆಂಟು ಬಂದಾಗ ಹೊಸ ವಿಳಾಸ ಹುಡುಕುತ್ತ ಕೂರಬೇಕಾಗಬಹುದು. ಭದ್ರತೆಯ ಅಪ್‌ಡೇಟುಗಳು ತಾವೇ ಬರುವಂತೆ 'ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್' ಹಾಕಿ.

ಹೊರಗಿನ ಹಾರ್ಡ್‌ಡಿಸ್ಕನ್ನು ಎಫ್‌ಎಸ್‌ಟ್ಯಾಬ್ ಕಡತದಲ್ಲಿ (ಯಂತ್ರ ಏಳುವಾಗ ಸೇರಿಸಬೇಕಾದ ಡಿಸ್ಕುಗಳ ಪಟ್ಟಿ) ಬರೆಯುವಾಗ ಯುಯುಐಡಿ (ಡಿಸ್ಕಿನ ಗುರುತಿನ ಸಂಖ್ಯೆ) ಬಳಸಿ, 'ನೋಫೇಲ್' ಅನ್ನುವ ಪದ ಮರೆಯದೆ ಸೇರಿಸಿ. ಆ ಪದ ಇಲ್ಲದಿದ್ದರೆ ಡಿಸ್ಕಿನ ಕೇಬಲ್ ಸ್ವಲ್ಪ ಸಡಿಲವಾದರೂ ಇಡೀ ಯಂತ್ರ ಏಳದೆ ಅರ್ಧದಲ್ಲೇ ನಿಲ್ಲುತ್ತದೆ. ಮಾನಿಟರ್ ಇಲ್ಲದ ಮೆತ್ತಿನ ಮೇಲೆ ಅದು ಯಾಕೆ ನಿಂತಿದೆ ಅಂತ ಗೊತ್ತಾಗುವುದೂ ಇಲ್ಲ.

ಈಗ ಕೆಲಸಗಳು. ಒಂದೇ ದಿನ ಎಲ್ಲ ಹಾಕಬೇಡಿ. ಒಂದನ್ನು ಹಾಕಿ, ಒಂದು ತಿಂಗಳು ನೋಡಿ, ಆಮೇಲೆ ಇನ್ನೊಂದು.

ನಾನು ಮೊದಲು ಹಾಕಿದ್ದು ಫೋಟೊಗಳಿಗೆ. ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಮಿತಿಯಿಲ್ಲದ ಉಚಿತ ಜಾಗ ನಿಲ್ಲಿಸಿತು, ಮೇಲ್ ಎಲ್ಲ ಸೇರಿ 15 ಜಿಬಿ. ನಮ್ಮ ಮನೆಯ ಐದು ಫೋನಿಗೆ ಅದು ಎಲ್ಲಿಗೂ ಸಾಲದು. ಇಮ್ಮಿಚ್ ಅನ್ನುವ ಉಚಿತ ತಂತ್ರಾಂಶ ಇದೆ, ಡಾಕರ್ (ತಂತ್ರಾಂಶವನ್ನು ಅದಕ್ಕೆ ಬೇಕಾದ್ದೆಲ್ಲದರ ಜೊತೆ ಒಂದೇ ಕಟ್ಟಾಗಿ ಓಡಿಸುವ ಸಾಧನ) ಮೂಲಕ ಹಾಕುವುದು. ಫೋನಿನಲ್ಲಿ ಅದರ ಆ್ಯಪ್ ಹಾಕಿ, ವೈಫೈ ಇದ್ದಾಗ ಮಾತ್ರ ಕಳಿಸು ಅಂತ ಹೇಳಿದರೆ ಸಾಕು. ಮನೆಗೆ ಬಂದು ಫೋನು ವೈಫೈಗೆ ಸೇರಿದ ಮೇಲೆ ಫೋಟೊಗಳು ಮೆತ್ತಿಗೆ ಹೋಗಿ ಕೂರುತ್ತವೆ. ಮುಖ ಗುರುತಿಸುವ ಕೆಲಸವನ್ನೂ ಅದು ಮನೆಯೊಳಗೇ ಮಾಡುತ್ತದೆ. ಮೊದಲ ಸಲ 38,000 ಫೋಟೊ ಹಾಕಿದಾಗ ಮೂರು ದಿನ ಫ್ಯಾನು ಜೋರಾಗಿ ತಿರುಗಿತು, ವ್ಯಾಟ್ ಮೀಟರು 35 ದಾಟಿತು. ಗಾಬರಿ ಬೇಡ, ಆಮೇಲೆ ಮತ್ತೆ 8ಕ್ಕೆ ಇಳಿಯುತ್ತದೆ. 8 ಜಿಬಿ ರ‍್ಯಾಮ್ ಇದ್ದರೆ ನೆಮ್ಮದಿ.

ಇಮ್ಮಿಚ್ ದೊಡ್ಡದಾಯಿತು ಅನ್ನುವವರು ಸಿಂಕ್‌ಥಿಂಗ್ ಬಳಸಬಹುದು, ಪೈಗೂ ಅದು ಹಗುರ. ಆದರೆ ಅದರ ಹೆಸರಲ್ಲೇ ಇರುವ 'ಸಿಂಕ್' ಪದವನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಿ. ಫೋನಿನಲ್ಲಿ ಅಳಿಸಿದರೆ ಕಂಪ್ಯೂಟರಿನಲ್ಲೂ ಅಳಿಸುತ್ತದೆ. ಜಾಗ ಖಾಲಿ ಮಾಡೋಣ ಅಂತ ಫೋನಿನಲ್ಲಿ ತೆಗೆದರೆ ಇಲ್ಲೂ ಹೋಯಿತು. ಹಾಗಾಗಿ ಕಂಪ್ಯೂಟರ್ ಕಡೆ 'ಫೈಲ್ ವರ್ಷನಿಂಗ್' ಆನ್ ಮಾಡಲೇಬೇಕು, ಆಗ ಅಳಿಸಿದ್ದು ಬೇರೆ ಫೋಲ್ಡರಿನಲ್ಲಿ ಉಳಿಯುತ್ತದೆ.

ಎರಡನೆಯದು ಸಾಂಬಾ. ಮನೆಯ ಎಲ್ಲ ಲ್ಯಾಪ್‌ಟಾಪುಗಳಿಗೂ ಕಾಣುವ ಒಂದು ಫೋಲ್ಡರ್. ಮಾವನ ಮಳೆ ಲೆಕ್ಕದ ಪುಟಗಳು, ಪಹಣಿ, ಸೊಸೈಟಿಯ ಅಡಿಕೆ ಚೀಟಿಗಳ ಸ್ಕ್ಯಾನು, ಎಲ್ಲ ಅಲ್ಲೇ. ಮೂರನೆಯದು ಜೆಲ್ಲಿಫಿನ್, ಅದು ಅತ್ತೆಯದು. ಅವರು ಕೂಡಿಟ್ಟ ತಾಳಮದ್ದಳೆ, ಯಕ್ಷಗಾನದ ರೆಕಾರ್ಡಿಂಗುಗಳು ನೆಟ್ ಇಲ್ಲದ ದಿನವೂ ಟಿವಿಯಲ್ಲಿ ಬರುತ್ತವೆ.

ಜಾಹೀರಾತು ತಡೆಯುವ ಪೈ-ಹೋಲನ್ನು ಕೊನೆಗೆ ಇಟ್ಟುಕೊಳ್ಳಿ. ಇದು ಮನೆಗೆಲ್ಲ ಡಿಎನ್‌ಎಸ್ (ತಾಣದ ಹೆಸರಿಗೆ ವಿಳಾಸ ಹೇಳುವ ಯಂತ್ರ) ಆಗಿ ಕೂರುತ್ತದೆ. ಯಾವುದೇ ಫೋನು ಜಾಹೀರಾತಿನ ತಾಣದ ವಿಳಾಸ ಕೇಳಿದರೆ ಕೊಡುವುದಿಲ್ಲ. ಸುದ್ದಿತಾಣಗಳು ಹಗುರವಾಗುತ್ತವೆ. ಯೂಟ್ಯೂಬಿನ ಜಾಹೀರಾತು ಮಾತ್ರ ಇದರಿಂದ ಹೋಗುವುದಿಲ್ಲ, ಅದು ವಿಡಿಯೊ ಬರುವ ದಾರಿಯಲ್ಲೇ ಬರುತ್ತದೆ. ಒಂದು ಎಚ್ಚರ: ಈ ಪೆಟ್ಟಿಗೆ ನಿಂತರೆ ಮನೆಯ ನೆಟ್ಟೇ ನಿಂತಂತೆ. ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಮಾವನ ಫೋನು ಬಂತು, "ತಂಗೀ, ಯಕ್ಷಗಾನ ನಿಂತೋತು." ಅವತ್ತೇ ಸಂಜೆ ಬಂದು, ರೂಟರಿನ ಡಿಎನ್‌ಎಸ್ ಅನ್ನು ಮೊದಲಿನಂತೆ ಮಾಡುವ ಕ್ರಮವನ್ನು ದೊಡ್ಡ ಅಕ್ಷರದಲ್ಲಿ ಬರೆದು ರೂಟರಿನ ಪಕ್ಕ ಅಂಟಿಸಿದೆ.

ಹೊರಗಿನಿಂದ ನೋಡುವುದು, ಇನ್ನೊಂದು ನಕಲು

ಮಗಳು ಧಾರವಾಡದಲ್ಲಿ ಓದುತ್ತಾಳೆ. ಅವಳಿಗೂ ಮನೆಯ ಫೋಟೊ ಕಾಣಬೇಕು. ಇದಕ್ಕೆ ರೂಟರಿನಲ್ಲಿ ಪೋರ್ಟ್ ತೆರೆಯಬೇಡಿ. ಮನೆಯ ಬಾಗಿಲನ್ನು ಊರಿಗೆಲ್ಲ ತೆರೆದಿಟ್ಟ ಹಾಗೆ ಅದು. ಎಷ್ಟೋ ಕಡೆ ತೆರೆದರೂ ಪ್ರಯೋಜನ ಇಲ್ಲ, ಇಂಟರ್ನೆಟ್ ಕೊಡುವವರು ಹತ್ತಾರು ಮನೆಗೆ ಒಂದೇ ಹೊರವಿಳಾಸ ಹಂಚಿರುತ್ತಾರೆ. ಟೇಲ್‌ಸ್ಕೇಲ್ ಹಾಕಿ. ಮನೆಬಳಕೆಗೆ ಉಚಿತ. ಪೆಟ್ಟಿಗೆಗೂ ಅವಳ ಫೋನಿಗೂ ಹಾಕಿದರೆ ಎರಡೂ ಒಂದೇ ಮನೆಯಲ್ಲಿ ಇರುವಂತೆ ಮಾತಾಡುತ್ತವೆ, ಮಧ್ಯದ ದಾರಿಯಲ್ಲಿ ಬೇರೆಯವರಿಗೆ ಓದಲು ಬರುವುದಿಲ್ಲ.

ನಕಲಿನ ಮಾತು. ಎಲ್ಲ ಒಂದೇ ಪೆಟ್ಟಿಗೆಯಲ್ಲಿದ್ದರೆ ಅದು ನೋಟ್‌ಬುಕ್ಕಿನ ಕಪಾಟಿಗಿಂತ ಏನೂ ಹೆಚ್ಚಲ್ಲ, ಗೆದ್ದಲಿನ ಬದಲು ಸಿಡಿಲು ಅಷ್ಟೇ. ನನ್ನ ಹತ್ತಿರ 2 ಟಿಬಿಯ ಎರಡು ಹಾರ್ಡ್‌ಡಿಸ್ಕ್ ಇವೆ. ಒಂದು ಪೆಟ್ಟಿಗೆಗೆ ಸಿಕ್ಕಿಸಿಯೇ ಇರುತ್ತದೆ. ಪ್ರತಿ ಭಾನುವಾರ ಬೆಳಗಿನ ಜಾವ 3ಕ್ಕೆ ಕ್ರಾನ್ (ಹೇಳಿದ ಹೊತ್ತಿಗೆ ಕೆಲಸ ಶುರು ಮಾಡುವ ತಂತ್ರಾಂಶ) ಎದ್ದು ನಕಲು ಮಾಡುವ ಆರ್‌ಸಿಂಕ್ ಓಡಿಸುತ್ತದೆ. ಫೋಟೊ ಫೋಲ್ಡರಿನ ಜೊತೆ ಇಮ್ಮಿಚ್‌ನ ಡೇಟಾಬೇಸ್ ನಕಲೂ ಹೋಗಬೇಕು, ಇಲ್ಲದಿದ್ದರೆ ಆಲ್ಬಮ್ಮು, ಮುಖಗಳ ಹೆಸರು ಏನೂ ಉಳಿಯುವುದಿಲ್ಲ. ಇನ್ನೊಂದು ಡಿಸ್ಕು ನನ್ನ ತವರುಮನೆಯಲ್ಲಿ, ಸಿದ್ದಾಪುರದ ಹತ್ತಿರ ಇದೆ. ಯುಗಾದಿಗೂ ದೀಪಾವಳಿಗೂ ಹೋದಾಗ ಅದಲು ಬದಲು ಮಾಡಿಕೊಂಡು ಬರುತ್ತೇನೆ. ಹಾಗೆ ತಂದ ಡಿಸ್ಕಿನಿಂದ ನಾಲ್ಕು ಫೋಟೊ, ಒಂದು ಮಳೆ ಪುಟ ತೆರೆದು ನೋಡಿಯೇ ಮುಂದಿನ ಕೆಲಸ. ತೆರೆದು ನೋಡದ ನಕಲನ್ನು ನಾನು ನಕಲು ಅಂತ ಎಣಿಸುವುದಿಲ್ಲ.

ಎಲ್ಲ ಆದ ಮೇಲೆ ಒಂದು ಪರೀಕ್ಷೆ ಇದೆ. ಮನೆಯವರೆಲ್ಲ ಇರುವಾಗ, ಮುಖ್ಯವಾದದ್ದೇನೂ ನಡೆಯದ ಹೊತ್ತಿನಲ್ಲಿ, ಸುಮ್ನೆ ಪ್ಲಗ್ ಕಿತ್ತುಬಿಡಿ. ಐದು ನಿಮಿಷ ಬಿಟ್ಟು ಮತ್ತೆ ಸಿಕ್ಕಿಸಿ. ಏನನ್ನೂ ಮುಟ್ಟಬೇಡಿ. ಫೋನಿನಲ್ಲಿ ಫೋಟೊ ತೆರೆಯುವವರೆಗೆ ಗಡಿಯಾರ ನೋಡಿ. ನಮ್ಮದು ಎರಡು ನಿಮಿಷದೊಳಗೆ ಏಳುತ್ತದೆ. ಏಳದಿದ್ದರೆ ಬಿಲ್ಲೆ ಬ್ಯಾಟರಿ, ಬಯಾಸ್ ಸೆಟ್ಟಿಂಗ್, ನೋಫೇಲ್, ಈ ಮೂರನ್ನು ಇದೇ ಕ್ರಮದಲ್ಲಿ ನೋಡಿ.

ಪಾಸ್‌ವರ್ಡು, ವಿಳಾಸ, ತವರಿನ ಡಿಸ್ಕು ಯಾವ ಕಪಾಟಿನಲ್ಲಿದೆ, ಆಫ್ ಮಾಡುವ ಕ್ರಮ, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಮಾವನ ಈ ವರ್ಷದ ಮಳೆ ನೋಟ್‌ಬುಕ್ಕಿನ ಕೊನೇ ಪುಟಕ್ಕೆ ಅಂಟಿಸಿದ್ದೇನೆ. ಮನೆಯಲ್ಲಿ ದಿನಾ ತೆರೆಯುವ ಪುಸ್ತಕ ಅದೊಂದೇ. ಪ್ರತಿ ವರ್ಷ ರೋಹಿಣಿ ಮಳೆ ಶುರುವಾಗುವ ಮೊದಲು ಪ್ಲಗ್ ಕೀಳುವ ಆ ಪರೀಕ್ಷೆಯನ್ನು ಮಾವನೇ ನೆನಪಿಸುತ್ತಾರೆ, ಪ್ಲಗ್ ಕೀಳುವುದೂ ಅವರೇ.